ಆರೋಗ್ಯ ಚಿಂತನ: ದುಡಿಯುವ ಕೈಯ ನೋವು

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಎಲ್ಲರೂ ಗಾಬರಿಯಾಗುತ್ತಾರೆ. ಎಲುಬು ಮುರಿದರೆ ಓಣಿಯ ಜನರೇ ಬಂದು ವಿಚಾರಿಸುತ್ತಾರೆ. ಆದರೆ ಒಂದೇ ಕೆಲಸವನ್ನು ಒಂದೇ ಬಗೆಯಲ್ಲಿ ದಿನವೂ ನೂರಾರು ಸಲ ಮಾಡಿ ಬಳಲಿದ ಕೈಯ ನೋವನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ, ನೋಯುವವರೂ ಎಣಿಸುವುದಿಲ್ಲ. ಆ ನೋವಿನ ಕುರಿತು ನಾಲ್ಕು ಮಾತುಗಳನ್ನು ಈ ಸಲ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಧಾರವಾಡ ಸೀಮೆಯ ನಮ್ಮ ಬಂಧುಗಳ ಮನೆಯಲ್ಲಿ ಒಬ್ಬ ತಾಯಿಯಿದ್ದಾರೆ. ವಯಸ್ಸು ಐವತ್ತು ದಾಟಿದೆ. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ದಿನಕ್ಕೆ ಮೂವತ್ತು ನಲವತ್ತು ಜೋಳದ ರೊಟ್ಟಿ ಬಡಿದ ಕೈ ಅವರದು. ಒಮ್ಮೆ ನಾವು ಹೋದಾಗ, ಕುಡಿಯಲು ನೀರು ತಂದವರ ಕೈಯಿಂದ ತುಂಬಿದ ತಂಬಿಗೆ ಜಾರಿ ಬಿದ್ದಿತು. "ಏನಾತ್ರೀ ಅಕ್ಕಾರ?" ಎಂದೆವು. "ಏನಿಲ್ಲ ಬಿಡ್ರಿ, ವಯಸ್ಸಾತು" ಎಂದು ನಕ್ಕುಬಿಟ್ಟರು.

ಕೆದಕಿ ಕೇಳಿದಾಗ ಸಂಗತಿ ಹೊರಬಂದಿತು. ಎಂಟು ತಿಂಗಳಿಂದ ಬಲ ಮೊಣಕೈಯ ಹೊರಮಗ್ಗುಲಲ್ಲಿ ನೋವು. ಹಿಟ್ಟು ನಾದುವಾಗ, ಒದ್ದೆಬಟ್ಟೆ ಹಿಂಡುವಾಗ ಪ್ರಾಣ ಹೋದಂತಾಗುವುದು. ಎರಡು ಸಲ ಆಸ್ಪತ್ರೆಯಲ್ಲಿ ಮೊಣಕೈಗೆ ಚುಚ್ಚುಮದ್ದು ಹಾಕಿಸಿಕೊಂಡಿದ್ದರು. ಪ್ರತಿಸಲವೂ ಒಂದೆರಡು ತಿಂಗಳು ಹಾಯೆನಿಸಿ, ನೋವು ಮತ್ತೆ ಮರಳಿತ್ತು. ಮನೆಯವರಿಗೆ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನಮ್ಮನ್ನು ಮೂಕರನ್ನಾಗಿಸಿತು: "ರೊಟ್ಟಿ ಬಡಿಯೋದ ಬಿಟ್ರ ನಾ ಈ ಮನ್ಯಾಗ ಯಾತಕ್ಕ ಬೇಕ್ರೀ?" ಆ ಕೈಯ ರೊಟ್ಟಿಯನ್ನು ವರ್ಷಗಟ್ಟಲೆ ಉಂಡವರಲ್ಲಿ ನಾವೂ ಸೇರಿದ್ದೆವು. ಒಮ್ಮೆಯೂ ಆ ಕೈಯ ಕಡೆಗೆ ನೋಡಿರಲಿಲ್ಲ.

ಈ ನೋವಿಗೆ ವೈದ್ಯರು ಇಂಗ್ಲಿಷಿನಲ್ಲಿ 'ರಿಪಿಟಿಟಿವ್ ಸ್ಟ್ರೇನ್ ಇಂಜುರಿ' ಎನ್ನುತ್ತಾರೆ. ಪುನರಾವರ್ತಿತ ಶ್ರಮದಿಂದಾದ ಪೆಟ್ಟು ಎಂದು ಅದರ ಅರ್ಥ. ಹೆಸರು ಹೊಸದಾದರೂ ರೋಗ ಹಳೆಯದು. ಇಟಲಿಯ ವೈದ್ಯ ಬರ್ನಾರ್ಡಿನೊ ರಮಝೀನಿಯು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ಇಡೀ ದಿನ ಕುಳಿತು ಲೆಕ್ಕ ಬರೆಯುವ ಗುಮಾಸ್ತರ ಕೈ ಸೋತುಹೋಗುವುದನ್ನು ಆತ ವಿವರಿಸಿದ್ದಾನೆ. ರೋಗಿಯನ್ನು ಕಂಡ ವೈದ್ಯನು "ನಿನ್ನ ಕಸುಬೇನು?" ಎಂದು ತಪ್ಪದೆ ಕೇಳಬೇಕೆಂಬುದು ಆತನ ಉಪದೇಶ. ಮುನ್ನೂರು ವರ್ಷಗಳ ಮೇಲೂ ಆ ಪ್ರಶ್ನೆಯ ಬೆಲೆ ಕುಂದಿಲ್ಲ. ಆದರೆ ಮನೆಗೆಲಸ ಮಾಡುವ ತಾಯಂದಿರನ್ನು ಆ ಪ್ರಶ್ನೆ ಕೇಳುವವರು ಇಂದಿಗೂ ವಿರಳ.

ನೋವು ಹುಟ್ಟುವ ಬಗೆ

ಸ್ನಾಯುವನ್ನು ಎಲುಬಿಗೆ ಬಿಗಿದಿಡುವ ಗಟ್ಟಿಯಾದ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ದುಡಿಮೆಯಿಂದ ಅದರ ಎಳೆಗಳು ಅಷ್ಟಿಷ್ಟು ಸವೆಯುವುದು ಸಹಜ. ವಿಶ್ರಾಂತಿಯಲ್ಲಿ ದೇಹವು ಅದನ್ನು ಸರಿಪಡಿಸಿಕೊಳ್ಳುತ್ತದೆ. ಸವೆತ ಹೆಚ್ಚಾಗಿ ದುರಸ್ತಿಗೆ ಬಿಡುವೇ ಸಿಗದಿದ್ದಾಗ ಎಳೆಗಳು ಅಸ್ತವ್ಯಸ್ತಗೊಂಡು ನೋವು ನೆಲೆಯೂರುತ್ತದೆ. ನೋವಿನ ಗುಳಿಗೆಯು ನೋವನ್ನು ಅಡಗಿಸೀತೇ ಹೊರತು ಹುರಿಯನ್ನು ಮತ್ತೆ ಹೆಣೆಯಲಾರದು.

ಕೈಗೆ ಬರುವ ಇಂತಹ ತೊಂದರೆಗಳಲ್ಲಿ ಮೂರು ಮುಖ್ಯವಾದವು. ಮೊದಲನೆಯದು ಮೊಣಕೈಯ ಹೊರಮಗ್ಗುಲಿನ ನೋವು. ಇದಕ್ಕೆ 'ಟೆನ್ನಿಸ್ ಎಲ್ಬೋ' ಎಂಬ ಹೆಸರಿದ್ದರೂ, ಟೆನ್ನಿಸ್ ಆಟವನ್ನೇ ಕಾಣದವರಿಗೂ ಇದು ಬರುತ್ತದೆ. ಮೇಲೆ ಹೇಳಿದ ತಾಯಿಗೆ ಬಂದದ್ದು ಇದೇ. ಎರಡನೆಯದು ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಬದಿಗೆ ಬರುವ ನೋವು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕ್ವರ್ವೇನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಅವನ ಹೆಸರೇ ಇದಕ್ಕೆ ನಿಂತಿದೆ. ಎಳೆಗೂಸನ್ನು ಪದೇ ಪದೇ ಎತ್ತುವ ಬಾಣಂತಿಯರಲ್ಲಿಯೂ ಅಜ್ಜಿಯರಲ್ಲಿಯೂ ಇದು ಹೆಚ್ಚು; ಈಗ ಮೊಬೈಲಿನ ಮೇಲೆ ಹೆಬ್ಬೆರಳಾಡಿಸುವ ಮಕ್ಕಳೂ ಇದೇ ನೋವು ಹೇಳುವುದುಂಟು. ಮೂರನೆಯದು 'ಕಾರ್ಪಲ್ ಟನಲ್' ತೊಂದರೆ. ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಒಂಬತ್ತು ಸ್ನಾಯುರಜ್ಜುಗಳೊಡನೆ ಒಂದು ನರವೂ ಹಾಯುತ್ತದೆ. ಆ ನರ ಅಮುಕಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿಯೂ ಉಂಗುರಬೆರಳಿನ ಅರ್ಧದಲ್ಲಿಯೂ ಜೋಮು ಹಿಡಿಯುತ್ತದೆ. ರಾತ್ರಿ ಎಚ್ಚರವಾಗಿ ಕೈ ಝಾಡಿಸಿಕೊಳ್ಳುವುದು ಇದರ ಗುರುತು. ಮಧುಮೇಹ ಮತ್ತು ಥೈರಾಯ್ಡ್ ದೋಷ ಇರುವವರಿಗೂ ಗರ್ಭಿಣಿಯರಿಗೂ ಇದು ಬರುವ ಸಂಭವ ಹೆಚ್ಚಾದ್ದರಿಂದ, ಅವುಗಳ ತಪಾಸಣೆಯೂ ಆಗಬೇಕು.

ಚಿಕಿತ್ಸೆಯ ದಾರಿ

ಚುಚ್ಚುಮದ್ದಿನ ವಿಷಯದಲ್ಲಿ ಒಂದು ಮಾತು ತಿಳಿದಿರಲಿ. ಟೆನ್ನಿಸ್ ಎಲ್ಬೋ ಇದ್ದ 198 ಜನರನ್ನು ಆಸ್ಟ್ರೇಲಿಯಾದ ಬ್ರಿಸ್ಬೇನಿನ ಸಂಶೋಧಕರು ಒಂದು ವರ್ಷ ಪರಿಶೀಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ವಾರಗಳ ಹೊತ್ತಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಪಡೆದವರೇ ಮುಂದಿದ್ದರು. ಆದರೆ ವರ್ಷ ತುಂಬುವಷ್ಟರಲ್ಲಿ ಅವರಲ್ಲಿ ಬಹಳ ಮಂದಿಗೆ ನೋವು ಮರುಕಳಿಸಿ, ಅವರೇ ಉಳಿದವರಿಗಿಂತ ಹಿಂದೆ ಬಿದ್ದರು. ಭೌತಚಿಕಿತ್ಸೆ ಪಡೆದವರು ಬೇಗ ಚೇತರಿಸಿಕೊಂಡು ಆ ಗುಣವನ್ನು ಉಳಿಸಿಕೊಂಡರು. ಸುಮ್ಮನೆ ಕಾದವರೂ ಬಹುಮಟ್ಟಿಗೆ ವರ್ಷಾಂತ್ಯಕ್ಕೆ ಗುಣ ಕಂಡರು, ಆದರೆ ಅಷ್ಟು ಕಾಲ ನೋವುಂಡರು. ಇದು ಮೊಣಕೈಗೆ ಸಂಬಂಧಿಸಿದ ಮಾತು. ಹೆಬ್ಬೆರಳಿನ ಬುಡದ ನೋವಿಗೆ ಚುಚ್ಚುಮದ್ದು ಚೆನ್ನಾಗಿ ಒದಗುವುದುಂಟು. ಆದುದರಿಂದ ನೋವು ಯಾವುದೆಂಬುದನ್ನು ಮೊದಲು ವೈದ್ಯರಿಂದ ನಿಶ್ಚಯಿಸಿಕೊಳ್ಳಬೇಕು.

ಭೌತಚಿಕಿತ್ಸೆ, ಅಂದರೆ ಫಿಸಿಯೋಥೆರಪಿ, ಎಂದರೆ ಬಿಸಿ ಕೊಡುವ ಯಂತ್ರವಷ್ಟೇ ಎಂದು ಹಲವರು ತಿಳಿದಿದ್ದಾರೆ. ಅದರ ಜೀವಾಳವಿರುವುದು ಅಳತೆಯಿಟ್ಟು ಮಾಡಿಸುವ ವ್ಯಾಯಾಮದಲ್ಲಿ. ನಮ್ಮ ಆ ತಾಯಿಗೆ ಕಲಿಸಿದ್ದು ಬಹು ಸರಳ. ಮುಂಗೈಯನ್ನು ಮೇಜಿನ ಮೇಲೆ ಊರಿ, ಅಂಗೈ ಕೆಳಮುಖವಾಗಿ ಹಸ್ತವನ್ನು ಅಂಚಿನಿಂದ ಹೊರಗಿಡುವುದು. ಅರ್ಧ ಲೀಟರ್ ನೀರಿನ ಬಾಟಲಿಯನ್ನು ಹಿಡಿದು, ಇನ್ನೊಂದು ಕೈಯ ಆಸರೆಯಿಂದ ಹಸ್ತವನ್ನು ಮೇಲೆತ್ತಿ, ಆಸರೆ ಬಿಟ್ಟು ಮೆಲ್ಲಮೆಲ್ಲನೆ ಕೆಳಗಿಳಿಸುವುದು. ಹೀಗೆ ಹತ್ತು ಸಲ. ನಡುವೆ ದಣಿವಾರಿಸಿಕೊಂಡು ಮೂರು ಆವೃತ್ತಿ. ಮಾಡುವಾಗ ಅಲ್ಪ ನೋವಾದರೆ ಅಂಜಬೇಕಿಲ್ಲ. ಮರುದಿನ ನೋವು ಏರಿದ್ದರೆ ಮಾತ್ರ ಭಾರ ತಗ್ಗಿಸಬೇಕು. ಅಳತೆಯರಿತ ಭಾರವೇ ಸ್ನಾಯುರಜ್ಜುವಿಗೆ ಔಷಧ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಹತ್ತು ದಿನಕ್ಕೆ ಬೇಸತ್ತು ಬಿಡುವವರೇ ಹೆಚ್ಚು.

ಕಾರ್ಪಲ್ ಟನಲ್ ತೊಂದರೆಗೆ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯನ್ನು ಕೆಲವು ವಾರ ರಾತ್ರಿ ಕಟ್ಟಿ ಮಲಗುವುದು ಹಿತಕರ. ಹೆಬ್ಬೆರಳಿನ ಬುಡದ ನೋವಿದ್ದವರು ಹೆಬ್ಬೆರಳಿಗೂ ಆಸರೆಯಿರುವ ಪಟ್ಟಿ ಧರಿಸಬೇಕು. ಮಗುವನ್ನು ಕಂಕುಳಲ್ಲಿ ಹಿಡಿದು ಎತ್ತದೆ, ಕುಂಡಿಯ ಕೆಳಗೂ ಬೆನ್ನಿಗೂ ಅಂಗೈಯೊಡ್ಡಿ ಎತ್ತಬೇಕು. ಬೆರಳುಗಳ ಜೋಮು ಹಗಲಿರುಳೂ ಬಿಡದಿದ್ದರೆ, ಹೆಬ್ಬೆರಳಿನ ದಿಂಬು ಬತ್ತಿದ್ದರೆ, ಕೈಯಿಂದ ವಸ್ತುಗಳು ಜಾರತೊಡಗಿದರೆ, ಅಥವಾ ಬೆಳಗಿನ ಬಿಗಿತ ತಾಸುಗಟ್ಟಲೆ ಇದ್ದು ಹಲವು ಕೀಲುಗಳು ಊದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಬಾರದಂತೆ ತಡೆಯುವ ಬಗೆ

ರೊಟ್ಟಿಯ ಹಿಟ್ಟನ್ನು ಕುದಿಯುವ ಎಸರಿನಲ್ಲಿ ಚೆನ್ನಾಗಿ ಕಲಸಿ ಮೆದುವಾದ ಮೇಲೆ ನಾದಿದರೆ ಕೈಗೆ ಅರ್ಧ ಶ್ರಮ ತಪ್ಪುತ್ತದೆ. ನಿಂತು ನಾದುವವರು, ಕಟ್ಟೆಯು ಮೊಣಕೈಗಿಂತ ಸ್ವಲ್ಪ ಕೆಳಗಿರುವಂತೆ ನೋಡಿಕೊಳ್ಳಬೇಕು. ಕಟ್ಟೆ ಎತ್ತರವಾದರೆ ಕಾಲ ಕೆಳಗೆ ಮಣೆಯಿಟ್ಟುಕೊಳ್ಳಬಹುದು. ಹತ್ತು ರೊಟ್ಟಿಗೊಮ್ಮೆ ಕೈ ಸಡಿಲಿಸಿ, ಮುಷ್ಟಿ ಕಟ್ಟಿ ಬಿಚ್ಚಿ, ಭುಜ ತಿರುಗಿಸಬೇಕು. ದಪ್ಪ ಬಟ್ಟೆಗಳನ್ನು ಹಿಂಡದೆ ನೀರಿಳಿಯಲು ಹಾಗೆಯೇ ತೂಗುಬಿಡುವುದು ಲೇಸು. ಕಂಪ್ಯೂಟರಿನಲ್ಲಿ ದುಡಿಯುವವರು ಮಣಿಕಟ್ಟನ್ನು ನೇರವಾಗಿಟ್ಟು, ಮೌಸನ್ನು ಮೈಗೆ ಹತ್ತಿರವಿರಿಸಿ, ಅರ್ಧ ತಾಸಿಗೊಮ್ಮೆ ಏಳಬೇಕು. ಹೊಲಿಗೆ ಯಂತ್ರದ ಮುಂದೆ ಕೂರುವವರಿಗೂ ಇದೇ ಮಾತು.

ಇವೆಲ್ಲಕ್ಕಿಂತ ಮುಖ್ಯವಾದುದು ಕೆಲಸವನ್ನು ಹಂಚಿಕೊಳ್ಳುವುದು. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರುಗಳಿಂದ ಲಕ್ಷಗಟ್ಟಲೆ ರೊಟ್ಟಿಗಳು ಬಂದು ಸೇರುತ್ತವೆ. ಒಬ್ಬೊಬ್ಬರಿಗೆ ಹಂಚಿಹೋದ ಕೆಲಸವಾದ್ದರಿಂದ ಅಷ್ಟು ದೊಡ್ಡ ದಾಸೋಹ ಯಾರಿಗೂ ಭಾರವೆನಿಸುವುದಿಲ್ಲ. ಮಠಕ್ಕಾಗಿ ಕೂಡಿ ದುಡಿಯುವ ನಾವು ಮನೆಯೊಳಗೆ ಎಲ್ಲವನ್ನೂ ಒಂದೇ ಜೋಡಿ ಕೈಗೆ ಬಿಟ್ಟುಬಿಡುವುದು ನ್ಯಾಯವೇ?

ಆ ಮನೆಯಲ್ಲಿ ಈಗ ಹಿಟ್ಟು ನಾದಿ ಕೊಡುವವನು ಹಿರಿಯ ಮಗ. ಬಟ್ಟೆ ಒಣಹಾಕುವವರು ಯಜಮಾನರು. ಮೂರು ತಿಂಗಳು ವ್ಯಾಯಾಮ ಮಾಡಿದ ಮೇಲೆ ತಾಯಿಯ ನೋವು ಬಹಳ ಇಳಿದಿದೆ. ಮೊನ್ನೆ ಹೋದಾಗ ನೀರಿನ ತಂಬಿಗೆಯನ್ನು ಅದೇ ಬಲಗೈಯಿಂದ ಕೊಟ್ಟರು. "ಹತ್ತು ರೊಟ್ಟಿ ಬಡೀತೀನ್ರೀ ಈಗ. ಉಳಿದದ್ದು ಸೊಸಿ ನೋಡ್ಕೋತಾಳ. ಯಾರೂ ನನ್ನ ಬ್ಯಾಡ ಅಂದಿಲ್ಲ" ಎಂದರು. ನೋವು ಇಳಿದದ್ದಕ್ಕಿಂತ ಆ ಕೊನೆಯ ಮಾತೇ ನಮಗೆ ಹೆಚ್ಚು ಸಂತೋಷ ಕೊಟ್ಟಿತು.

ಕಾಯಕವೆಂಬ ಶಬ್ದದಲ್ಲಿಯೇ ಕಾಯವಿದೆ. ದುಡಿಮೆಯನ್ನು ಗೌರವಿಸುವವರು ದುಡಿಯುವ ದೇಹವನ್ನೂ ಗೌರವಿಸಬೇಕು. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಓದುಗ ಬಂಧುಗಳು ತಮ್ಮ ತಾಯಿ, ಪತ್ನಿ, ಸೊಸೆಯರನ್ನು ಒಂದು ಮಾತು ಕೇಳಬೇಕೆಂದು ವಿನಂತಿಸುತ್ತೇವೆ: "ಕೈ ನೋಯುತ್ತದೆಯೇ?" ಅವರು ಏನೂ ಇಲ್ಲವೆಂದು ನಕ್ಕರೆ, ಇನ್ನೊಮ್ಮೆ ಕೇಳಬೇಕು.