ಹಿತ್ತಿಲಲ್ಲೊಂದು ಆಟದ ಮನೆ: ಬೇಕೆ, ಬೇಡವೆ?

ಪುಟ್ಟದೊಂದು ಮನೆ, ಹತ್ತಲು ಏಣಿ, ಇಳಿಯಲು ಜಾರುಬಂಡೆ, ಪಕ್ಕಕ್ಕೆ ಎರಡು ಉಯ್ಯಾಲೆ. ಎಲ್ಲ ಸೇರಿ ಒಂದೇ ಸೆಟ್ಟಾಗಿ ಸಿಗುವ ಈ ಆಟದ ಮನೆಯನ್ನು ಹಿತ್ತಿಲಲ್ಲಿ ಹಾಕಿಸುವ ಆಸೆ ಸ್ವಂತ ಮನೆ ಇರುವ ಅನೇಕ ಅಪ್ಪ ಅಮ್ಮಂದಿರಿಗಿದೆ. ಹಾಕಿಸಬೇಕೆ? ಶಿವಮೊಗ್ಗದ ತಾಯಿಯೊಬ್ಬರು ಹೌದು ಎನ್ನುತ್ತಾರೆ. ಧಾರವಾಡದ ನಿವೃತ್ತ ಶಿಕ್ಷಕರೊಬ್ಬರು ಬೇಡ ಎನ್ನುತ್ತಾರೆ.

ಪರ: ಕಣ್ಣೆದುರೇ ಆಡಲಿ

ನನ್ನ ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಶಾಲೆಯ ವ್ಯಾನು ಬಾಗಿಲಿಗೆ ಬಿಟ್ಟು ಹೋದ ಮೇಲೆ ದೀಪ ಹಚ್ಚುವ ಹೊತ್ತಿನವರೆಗೆ ಅವರ ಕೈಗೆ ಸಿಗುವುದು ಒಂದೂವರೆ ಗಂಟೆ. ಪಾರ್ಕು ದೂರವೇನಿಲ್ಲ, ಆದರೆ ನಡುವೆ ಮುಖ್ಯರಸ್ತೆ ಇದೆ. ಮಕ್ಕಳನ್ನು ಅವರಷ್ಟಕ್ಕೇ ಕಳಿಸುವ ಹಾಗಿಲ್ಲ. ನಾನೇ ಕರೆದುಕೊಂಡು ಹೋಗೋಣವೆಂದರೆ ಒಲೆಯ ಮೇಲೆ ಹಾಲು, ಒಳಗೆ ವಯಸ್ಸಾದ ಅತ್ತೆ. ಹೀಗೆ ಇವತ್ತು ಬೇಡ, ನಾಳೆ ಹೋಗೋಣ ಎನ್ನುತ್ತಲೇ ವಾರ ಮುಗಿಯುತ್ತದೆ. ಅಷ್ಟೂ ದಿನ ಮಕ್ಕಳ ಕೈಯಲ್ಲಿರುವುದು ಮೊಬೈಲು.

ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 3 ಗಂಟೆ ಮೈ ಅಲುಗಿಸಿ ಆಡಬೇಕು, ಅದರಲ್ಲಿ 1 ಗಂಟೆಯಾದರೂ ಮೈ ಬೆವರುವಂತಿರಬೇಕು, ಪರದೆಯ ಮುಂದೆ ಕೂರುವುದು 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹಿತ್ತಿಲಲ್ಲಿ ಆಡುವ ವಸ್ತು ಇಲ್ಲದಿದ್ದರೆ ನನ್ನಂಥ ಮನೆಯಲ್ಲಿ ಈ ಮೂರು ಗಂಟೆ ಎಲ್ಲಿಂದ ಬರಬೇಕು?

ಆಟದ ಮನೆ ಬಂದ ಮೇಲೆ ಏನಾಯಿತೆಂದು ಅಡುಗೆಮನೆಯ ಕಿಟಕಿಯಿಂದಲೇ ನೋಡಿದ್ದೇನೆ. ಉಯ್ಯಾಲೆಯಲ್ಲಿ ಕೂತ ಮಗನನ್ನು ಯಾರಾದರೂ ತಳ್ಳುತ್ತಲೇ ಇರಬೇಕಿತ್ತು. ಹಿಂದಕ್ಕೆ ಹೋಗುವಾಗ ಕಾಲು ಮಡಚು, ಮುಂದೆ ಬರುವಾಗ ಚಾಚು ಎಂದು ಅಕ್ಕ ಹೇಳಿಕೊಟ್ಟಳು. ಮೊದಮೊದಲು ಎಲ್ಲ ತಲೆಕೆಳಗು, ಮಡಚಬೇಕಾದಾಗ ಚಾಚುತ್ತಿದ್ದ. ಒಂದು ಸಂಜೆ ಅದು ತಾನಾಗಿ ಕೂಡಿಬಂತು. ಯಾರೂ ತಳ್ಳದೆ ಉಯ್ಯಾಲೆ ಮೇಲೇರಿದಾಗ ಅವನ ಮುಖ ನೋಡಬೇಕಿತ್ತು. ಕಿವಿಯೊಳಗೆ ಮೈಯ ಸಮತೋಲ ಕಾಯುವ ಅಂಗವಿದೆಯಲ್ಲ, ಅದಕ್ಕೆ ಇಷ್ಟು ಒಳ್ಳೆಯ ಕೆಲಸ ಕೊಡುವ ಆಟ ಇನ್ನೊಂದಿಲ್ಲ. ಮೇಲಿನ ಪುಟ್ಟ ಮನೆಯ ಕಿಟಕಿ ಒಂದು ದಿನ ಕಿರಾಣಿ ಅಂಗಡಿ, ಇನ್ನೊಂದು ದಿನ ಬಸ್ಸಿನ ಟಿಕೆಟ್ ಕೊಡುವ ಜಾಗ. ಹಲಸಿನ ಎಲೆಯೇ ನೋಟು. ಪಕ್ಕದ ಮನೆಯ ಮಕ್ಕಳೂ ಬರುತ್ತಾರೆ, ಹಿತ್ತಿಲ ಬಾಗಿಲು ಸಂಜೆ ತೆರೆದೇ ಇರುತ್ತದೆ.

ಅಪಾಯವಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ಉಯ್ಯಾಲೆ ಬೇಕೆಂದು ಮಗು ಹಟ ಹಿಡಿದಾಗ ನಮ್ಮಲ್ಲಿ ಸಾಮಾನ್ಯವಾಗಿ ಆಗುವುದೇನು? ತೊಲೆಗೋ ಕಿಟಕಿಯ ಸರಳಿಗೋ ಸೀರೆ ಕಟ್ಟಿಕೊಡುತ್ತೇವೆ. ಆ ಸೀರೆ ಕುತ್ತಿಗೆಗೆ ಸುತ್ತಿಕೊಂಡು ಮಕ್ಕಳು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಾರ್ವಜನಿಕ ಮೈದಾನವಾದರೂ ನಿಶ್ಚಿಂತೆಯೇ? 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರದ ಆಟದ ಮೈದಾನದಲ್ಲಿ ಕಬ್ಬಿಣದ ಗೇಟೇ ಬಿದ್ದು ಹನ್ನೊಂದು ವರ್ಷದ ಹುಡುಗ ತೀರಿಕೊಂಡ. ಅಲ್ಲಿನ ಬೋಲ್ಟು ಸಡಿಲವಾದರೆ ಬಿಗಿಸುವವರು ಯಾರೆಂದು ನನಗೆ ಗೊತ್ತಿಲ್ಲ. ನನ್ನ ಹಿತ್ತಿಲಲ್ಲಿ ಸ್ಪ್ಯಾನರ್ ಹಿಡಿಯುವವಳು ನಾನೇ.

ಆದರೆ ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ತರಬೇಡಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಐಎಸ್‌ಐ ಗುರುತು ಕಡ್ಡಾಯ. ಮನೆ ಬಳಕೆಯ ಉಯ್ಯಾಲೆ, ಜಾರುಬಂಡೆಗೆಂದೇ ಐಎಸ್ 9873 ಮಾನದಂಡದ 4ನೇ ಭಾಗವಿದೆ. ಗುರುತು ಇಲ್ಲದ ಮಾಲು ಎಷ್ಟೇ ಅಗ್ಗವಾಗಿದ್ದರೂ ಬೇಡ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಜಿಐ ಪೈಪಿನಲ್ಲಿ ಮಾಡಿಸುವವರು ಪಕ್ಕದಲ್ಲೇ ನಿಂತು ಮಾಡಿಸಿ. ಏಣಿಯ ಮೆಟ್ಟಿಲು, ಕಟಕಟೆಯ ಸರಳುಗಳ ನಡುವಿನ ಸಂದು 3.5 ಇಂಚಿಗಿಂತ ಕಡಿಮೆ ಇರಲಿ, ಇಲ್ಲವೇ 9 ಇಂಚಿಗಿಂತ ಹೆಚ್ಚಿರಲಿ. ಎರಡರ ಮಧ್ಯದ ಸಂದಿನಲ್ಲಿ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಪೈಪಿನ ಬಾಯಿಗೆ ಮುಚ್ಚಳ ಬೇಕು, ಬೋಲ್ಟಿನ ತುದಿ ಹೊರಚಾಚಿರಬಾರದು, ಕಾಲುಗಳನ್ನು ಕಾಂಕ್ರೀಟಿನಲ್ಲಿ ಹೂಳಿ ಆ ಕಾಂಕ್ರೀಟು ಮಣ್ಣಿನ ಮೇಲೆ ಕಾಣದಂತೆ ಮುಚ್ಚಬೇಕು. ಹಲಗೆಯ ಬದಲು ರಬ್ಬರಿನ ಮೆತ್ತನೆ ಆಸನ ಹಾಕಿಸಿ. ತೂಗುವ ಹಲಗೆಯ ಅಂಚು ಹಿಂದೆ ನಿಂತ ಮಗುವಿನ ಹಣೆಗೆ ಬಡಿದರೆ ಹೊಲಿಗೆ ಹಾಕಿಸಬೇಕಾದೀತು.

ಮರದ ಸೆಟ್ಟು ಬೇಕೆನ್ನುವವರು ಗೆದ್ದಲಿಗೆ ಯಾವ ಮದ್ದು ಬಳಿದಿದ್ದಾರೆಂದು ಕೇಳಲೇಬೇಕು. ಆರ್ಸೆನಿಕ್ ಸೇರಿಸಿ ಹದ ಮಾಡಿದ ಮರವನ್ನು ಮನೆಬಳಕೆಗೆ, ಆಟದ ಸೆಟ್ಟಿಗೆ ತಯಾರಿಸುವುದನ್ನು ಅಮೆರಿಕದಲ್ಲಿ 2003ರ ಕೊನೆಗೇ ನಿಲ್ಲಿಸಿದರು. ಮಗುವಿನ ಕೈ ಮರ ಮುಟ್ಟುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ. ನಮ್ಮ ಮಲೆನಾಡಿನ ಮಳೆಗೆ ಸಾಗುವಾನಿಯೇ ಸರಿ, ದುಬಾರಿಯಾದರೆ ಪೈಪೇ ಇರಲಿ. ಜಾಗದ ಮಾತಿಗೆ ಬಂದರೆ, ಸಣ್ಣ ಮಕ್ಕಳ ಉಯ್ಯಾಲೆಗೆ ಅಡ್ಡಪೈಪು ಐದಡಿ ಎತ್ತರದಲ್ಲಿದ್ದರೂ ಸಾಕು, ಎತ್ತರ ತಗ್ಗಿದಷ್ಟೂ ಬೇಕಾಗುವ ಜಾಗ ಕಡಿಮೆ.

ಏಳೆಂಟು ವರ್ಷ ಬಳಕೆಗೆ ಬಂದರೂ ಈ ಖರ್ಚು ದಂಡವಲ್ಲ. ಆ ಏಳೆಂಟು ವರ್ಷವೇ ಮಗುವಿನ ಬಾಲ್ಯ.

ವಿರೋಧ: ಮೊದಲು ಟೇಪು ಹಿಡಿಯಿರಿ

ಮೇಲೆ ಬರೆದ ತಾಯಿಯ ಕಾಳಜಿ ದೊಡ್ಡದು. ಆಯ್ಕೆ ಹೇಗಿರಬೇಕೆಂದು ಅವರು ಹೇಳಿದ್ದರಲ್ಲಿ ಒಂದನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಅವರದು ಹಲಸಿನ ಮರವಿರುವ ಹಳೆಯ ಹಿತ್ತಿಲು. ಇವತ್ತು ಆಟದ ಸೆಟ್ಟಿಗೆ ಮುಂಗಡ ಕೊಡುತ್ತಿರುವ ಬಹುಪಾಲು ಜನರಿಗೆ ಇರುವುದು ಲೇಔಟಿನ ಸೈಟು.

ಲೆಕ್ಕ ಹಾಕೋಣ. ಉಯ್ಯಾಲೆಯ ಅಡ್ಡಪೈಪು ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ಜಾಗ ಮುಂದಕ್ಕೆ, ಎರಡರಷ್ಟು ಹಿಂದಕ್ಕೆ ಖಾಲಿ ಇರಬೇಕು, ಉಳಿದ ಬದಿಗಳಲ್ಲಿ ಆರಾರು ಅಡಿ ಬಿಡಬೇಕು ಎನ್ನುತ್ತದೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿ. ಏಳಡಿ ಎತ್ತರದ ಉಯ್ಯಾಲೆಗೆ ಮುಂದೆ 14, ಹಿಂದೆ 14, ಒಟ್ಟು 28 ಅಡಿ. ಸೆಟ್ಟು 12 ಅಡಿ ಅಗಲವಿದ್ದರೆ ಎರಡೂ ಬದಿ ಸೇರಿ 24 ಅಡಿ. ಅಲ್ಲಿಗೆ 672 ಚದರಡಿ ಆಯಿತು. 30-40ರ ಸೈಟು ಪೂರ್ತಿ ಸೇರಿದರೆ 1,200 ಚದರಡಿ. ಅದರ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಈ ಸೆಟ್ಟೊಂದೇ ಕೇಳುತ್ತದೆ. ಐದಡಿ ಎತ್ತರಕ್ಕೆ ಇಳಿಸಿದರೂ ಹಿಂದೆ ಮುಂದೆ ಸೇರಿ 20 ಅಡಿ ಬೇಕೇ ಬೇಕು. ಮನೆ ಕಟ್ಟಿದ ಮೇಲೆ ಹಿಂಭಾಗದಲ್ಲಿ ಉಳಿಯುವುದು ಒಂದು ಓಣಿ. ಅಲ್ಲೇ ಸಂಪಿನ ಮುಚ್ಚಳ, ಅಲ್ಲೇ ಬಟ್ಟೆ ಒಗೆಯುವ ಕಲ್ಲು, ಎದುರಿಗೆ ಕಾಂಪೌಂಡು ಗೋಡೆ. ಉಯ್ಯಾಲೆಯಿಂದ ಹಾರುವ ಮಗು ಹೋಗಿ ಬೀಳುವುದು ಆ ಗೋಡೆಗೆ.

ನೆಲದ ವಿಷಯ ಇದಕ್ಕಿಂತ ಮುಖ್ಯ. ಸೆಟ್ಟಿನ ಗಟ್ಟಿತನ ನೋಡುವವರು ಅದರ ಕೆಳಗೇನಿದೆ ಎಂದು ನೋಡುವುದಿಲ್ಲ. ಬಿದ್ದ ಮಗುವಿನ ತಲೆ ಉಳಿಯಬೇಕಾದರೆ ಸಡಿಲ ಮರಳೋ ಮರದ ಚಕ್ಕೆಯೋ ಕನಿಷ್ಠ 9 ಇಂಚು ದಪ್ಪಕ್ಕೆ ಹರಡಿರಬೇಕು. ಹುಲ್ಲು ಸಾಲದು, ಗಟ್ಟಿ ಮಣ್ಣಂತೂ ಸಾಲದೇ ಸಾಲದು. ಆ 672 ಚದರಡಿಗೆ 9 ಇಂಚು ಎಂದರೆ 504 ಘನ ಅಡಿ. ನಮ್ಮ ಕಡೆಯ ಮರಳಿನ ಲೆಕ್ಕದಲ್ಲಿ ಐದು ಬ್ರಾಸ್. ಯಾರು ಹಾಕಿಸುತ್ತಾರೆ? ಹಾಕಿಸಿದರೂ ಮಳೆಗೆ ಕೊಚ್ಚಿಹೋದದ್ದನ್ನು ಮತ್ತೆ ತುಂಬಬೇಕು, ಬೆಕ್ಕು ಗಲೀಜು ಮಾಡದಂತೆ ಮುಚ್ಚಬೇಕು, ತುಳಿದು ಗಟ್ಟಿಯಾದದ್ದನ್ನು ಕೆದಕಬೇಕು. ನನ್ನ ಪರಿಚಯದ ಮನೆಗಳಲ್ಲಿ ಆಗಿರುವುದು ಒಂದೇ. ಕೆಸರಾಗುತ್ತದೆಂದು ಇಂಟರ್‌ಲಾಕ್ ಟೈಲ್ಸ್ ಹಾಕಿಸಿ, ಅದರ ಮೇಲೆ ಜಾರುಬಂಡೆ ಇಟ್ಟಿದ್ದಾರೆ. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ನಮ್ಮ ಹವೆಯನ್ನೂ ನೋಡಿ. ಏಪ್ರಿಲಿನಲ್ಲಿ ಕಲಬುರಗಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿ ನಿಂತ ಜಾರುಬಂಡೆಗೆ ಬರಿ ತೊಡೆ ತಾಗಿದರೆ ಸುಡುತ್ತದೆ. ಮಲೆನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಅದರ ಹತ್ತಿರ ಹೋಗುವಂತಿಲ್ಲ. ಆ ಮಳೆನೀರು ಟೈರಿನ ಉಯ್ಯಾಲೆಯಲ್ಲಿ, ಪ್ಲಾಸ್ಟಿಕ್ ಮಾಡಿನ ಮಡಿಕೆಯಲ್ಲಿ ನಿಲ್ಲುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ಬೇಕಾದದ್ದು ಅಂಥ ನೀರೇ. ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದು 2024ರಲ್ಲಿ. ಬಳಸದೆ ಬಿಟ್ಟ ಆಟದ ಮನೆಯ ಅಡಿ ಹಾವು ಸೇರಿಕೊಳ್ಳುವುದು ಹಳ್ಳಿಯವರಿಗೆ ಹೇಳಬೇಕಾದ ವಿಷಯವಲ್ಲ.

ಇವೆಲ್ಲ ದುಡ್ಡು ಮತ್ತು ಜಾಗ ಇದ್ದರೆ ಪರಿಹಾರವಾಗುವ ಮಾತು. ನನ್ನ ನಿಜವಾದ ತಕರಾರು ಬೇರೆ. ಮಗುವಿಗೆ ಆಟದ ಸಾಮಾನಿಗಿಂತ ಮೊದಲು ಬೇಕಾದದ್ದು ಇನ್ನೊಂದು ಮಗು. ಪಾರ್ಕಿನ ಎರಡು ಉಯ್ಯಾಲೆಗೆ ಹತ್ತು ಮಕ್ಕಳು ಕಾಯುತ್ತಾರೆ. ಇಪ್ಪತ್ತು ಜೀಕು ಆದ ಮೇಲೆ ಇಳಿಯಬೇಕು ಎಂಬ ನಿಯಮ ಯಾವ ಫಲಕದಲ್ಲೂ ಇಲ್ಲ, ಅವರೇ ಮಾಡಿಕೊಂಡದ್ದು. ಇಳಿಯದವನ ಜತೆ ಜಗಳ, ಅಳುವ ಪುಟ್ಟಿಗೆ ಸರದಿ ಬಿಟ್ಟುಕೊಡುವ ದೊಡ್ಡ ಹುಡುಗಿ, ಹೆಸರು ಗೊತ್ತಿಲ್ಲದ ಹುಡುಗನನ್ನು ತಳ್ಳಿಕೊಡುವ ಇನ್ನೊಬ್ಬ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಬೆಂಚಿನಲ್ಲಿ ಕೂತಾಗಲೆಲ್ಲ ಇದನ್ನು ನೋಡುತ್ತೇನೆ. ಮೂವತ್ತು ವರ್ಷ ತರಗತಿಯಲ್ಲಿ ಇದನ್ನೇ ಕಲಿಸಲು ನಾವು ಶಿಕ್ಷಕರು ಒದ್ದಾಡಿದ್ದೇವೆ. ಸ್ವಂತ ಉಯ್ಯಾಲೆ ಇರುವ ಮಗುವಿಗೆ ಸರದಿಯೇ ಇಲ್ಲ. ಹಿತ್ತಿಲ ಬಾಗಿಲು ತೆರೆದಿಟ್ಟಿರುವ ಆ ತಾಯಿ ದೊಡ್ಡ ಮನಸ್ಸಿನವರು. ಆದರೆ ಪಕ್ಕದ ಮನೆಯ ಮಗು ಬಿದ್ದು ಕೈ ಮುರಿದುಕೊಂಡ ಮಾರನೇ ದಿನವೂ ಬಾಗಿಲು ಹಾಗೇ ತೆರೆದಿಡುವವರು ಎಷ್ಟು ಜನ?

ನಮ್ಮಲ್ಲಿ ನಾಗರ ಪಂಚಮಿಗೆ ಬೇವಿನ ಮರಕ್ಕೆ, ಹುಣಸೆ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು, ಈಗಲೂ ಹಳ್ಳಿಗಳಲ್ಲಿ ಕಟ್ಟುತ್ತಾರೆ. ತವರಿಗೆ ಬಂದ ಹೆಣ್ಣುಮಕ್ಕಳು, ಓಣಿಯ ಹುಡುಗರು, ಮುದುಕಿಯರು ಎಲ್ಲರದೂ ಅದೇ ಜೋಕಾಲಿ. ಉಂಡಿ ತಿಂದು ಜೀಕಿದ್ದೇ ಜೀಕಿದ್ದು. ಕಟ್ಟುವವರು ಹಗ್ಗ ಜಗ್ಗಿ ನೋಡಿ, ಕೊಂಬೆ ತಟ್ಟಿ ನೋಡಿ, ತಾವೇ ಮೊದಲು ಕೂತು ಜೀಕಿ, ಆಮೇಲೆ ಮಕ್ಕಳನ್ನು ಹತ್ತಿಸುತ್ತಿದ್ದರು. ಹಿತ್ತಿಲಲ್ಲಿ ಗಟ್ಟಿ ಮರವಿದ್ದವರು ಹೀಗೊಂದು ಜೋಕಾಲಿ ಕಟ್ಟಿ, ಕೆಳಗೆ ಮರಳು ಹರಡಿ, ಯಾರಾದರೊಬ್ಬ ದೊಡ್ಡವರು ಹತ್ತಿರ ನಿಂತಿದ್ದರೆ ಸಾಕು. ಸೆಟ್ಟಿಗೆ ಜಾಗ ಮಾಡಲು ಪೇರಲ ಗಿಡ ಕಡಿಸುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಮಗು ಹತ್ತಬಹುದಾದ ಏಣಿ ಅದೇ ಆಗಿತ್ತು.

ಮೈದಾನದ ಗೇಟು ಬಿದ್ದು ಮಗು ಸತ್ತಿತು ಎಂಬುದು ಆ ತಾಯಿಯ ಬಲವಾದ ಮಾತು, ನನ್ನ ಎದೆಯನ್ನೂ ಕಲಕಿದ ಮಾತು. ಆದರೆ ಅದಕ್ಕೆ ಉತ್ತರ ನಾವೆಲ್ಲ ಕಾಂಪೌಂಡಿನೊಳಗೆ ಸೇರಿಕೊಳ್ಳುವುದಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಸಂವಿಧಾನದ 12ನೇ ಅನುಸೂಚಿಯ ನಗರಾಡಳಿತದ ಪಟ್ಟಿಯಲ್ಲೂ ಉದ್ಯಾನ ಮತ್ತು ಆಟದ ಮೈದಾನ ಸೇರಿವೆ. ಕೇಳುವ ಅಪ್ಪ ಅಮ್ಮಂದಿರು ಹಿತ್ತಿಲಿಗೆ ಸರಿದುಬಿಟ್ಟರೆ ಪಾರ್ಕಿನ ಉಯ್ಯಾಲೆಯ ತುಕ್ಕು ಹಿಡಿದ ಕೊಂಡಿ ಬದಲಿಸಿ ಎಂದು ಕೇಳುವವರು ಯಾರು? ಹಿತ್ತಿಲೂ ಇಲ್ಲದ, ಬಾಡಿಗೆ ಕೋಣೆಯ ಮಕ್ಕಳು ಎಲ್ಲಿ ಆಡಬೇಕು?

ಆದ್ದರಿಂದ ಅಂಗಡಿಗೆ ಮುಂಗಡ ಕೊಡುವ ಮೊದಲು ಟೇಪು ಹಿಡಿದು ಹಿತ್ತಿಲು ಅಳೆಯಿರಿ. ಹಿಂದೆ ಮುಂದೆ ಇಪ್ಪತ್ತು ಅಡಿಯೂ ಸಿಗದಿದ್ದರೆ ಆ ಯೋಚನೆ ಅಲ್ಲಿಗೇ ಬಿಡಿ. ಓಣಿಯ ನಾಲ್ಕು ಮನೆಯವರು ಸೇರಿ ಪಾರ್ಕಿಗೆ ಹೋಗಿ, ಉಯ್ಯಾಲೆಯ ಸರಪಳಿ, ಕೊಂಡಿ, ಕೆಳಗಿನ ನೆಲ, ಗೇಟಿನ ಕೀಲು ನೋಡಿ, ಫೋಟೋ ತೆಗೆದು, ನಗರಸಭೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಸಂಜೆ ಯಾರು ಮಕ್ಕಳನ್ನು ಕರೆದೊಯ್ಯಬೇಕೆಂದು ಮನೆಮನೆಗೆ ಸರದಿ ಹಾಕಿಕೊಳ್ಳಿ. ನನ್ನಂಥ ನಿವೃತ್ತರು ಪ್ರತಿ ಓಣಿಯಲ್ಲೂ ಇದ್ದಾರೆ, ನಮ್ಮನ್ನು ಕೇಳಿ, ಬರುತ್ತೇವೆ.