ಏಳದ ಗಣಕಯಂತ್ರ

ಶ್ರೀಗಂಧದ ಕಾವಲಿನ ನಮ್ಮ ಮನೆಯ ಗಣಕಯಂತ್ರವು ಒಂದು ಮುಂಜಾನೆ ಪ್ರಾರಂಭದಲ್ಲಿಯೇ ನೀಲಿ ಪರದೆ ತೋರಿ ನಿಂತುಹೋಯಿತು. ಲಿಂಗೈಕ್ಯರಾದ ತೀರ್ಥರೂಪರು ‘ನುಡಿ’ಯಲ್ಲಿ ಬರೆದಿಟ್ಟಿದ್ದ ಮನೆತನದ ವೃತ್ತಾಂತವೆಲ್ಲ ಅದರಲ್ಲಿಯೇ ಇದ್ದಿತು. ದುರಸ್ತಿಗೆ ಬಂದವರು ಫಾರ್ಮ್ಯಾಟ್ ಮಾಡಬೇಕೆಂದರು. ಬರಹವೂ ಅಳಿದೀತೆಂದು ನಾವು ಒಪ್ಪಲಿಲ್ಲ.

ವಿದ್ಯುತ್ ಸಂಪರ್ಕ ಕಳಚಿ, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲನೆ ಒರೆಸಿ ಮರಳಿ ಕೂರಿಸಿದೆವು. ಯಂತ್ರ ಎದ್ದಿತು. ಒಡನೆಯೇ ವೃತ್ತಾಂತದ ಪ್ರತಿ ತೆಗೆದೆವು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಯುಕ್ತ ಪರಿಷ್ಕರಣೆಯಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಹೀಗೆಯೇ ನಿಂತಿದ್ದವು. ಸೇಫ್ ಮೋಡಿನಲ್ಲಿ ದೋಷದ ಕಡತವನ್ನಷ್ಟೇ ಅಳಿಸಿ ಅನೇಕವನ್ನು ಎಬ್ಬಿಸಲಾಯಿತು.

ಬಂಧುಗಳೇ, ಯಂತ್ರ ಏಳದಿದ್ದೊಡನೆ ಬರಹವೂ ಅಳಿಯಿತೆಂದು ಭಾವಿಸಬೇಡಿರಿ. ಫಾರ್ಮ್ಯಾಟ್ ಕಡೆಯ ಉಪಾಯವಾಗಿರಲಿ. ಬೇರೆಡೆ ಒಂದು ಪ್ರತಿ ಇಂದೇ ಇರಲಿ.