ಪರದೆ ಅಗಲವಾಯಿತು, ಅಕ್ಷರ ದೊಡ್ಡದಾಯಿತೇ?

ನಿರ್ದೇಶಕರು ಮಂಡಳಿಯ ಸಭೆಯಲ್ಲಿ ವಿಡಿಯೋ ಮೂಲಕ ಭಾಗವಹಿಸಲು 2013ರ ಕಂಪನಿ ಕಾಯ್ದೆಯ 173ನೇ ಕಲಂ ಅವಕಾಶ ನೀಡಿದೆ. ಕೋವಿಡ್ ಕಾಲದಲ್ಲಿ ಈ ಪದ್ಧತಿ ರೂಢಿಯಾಯಿತು. ದೂರದಲ್ಲಿರುವವರ ಮುಖಗಳನ್ನು ಪರದೆಯ ಕೆಳಸಾಲಿನಲ್ಲಿ ತೋರಿಸುವ ‘ಫ್ರಂಟ್ ರೋ’ ವಿನ್ಯಾಸವನ್ನು ಮೈಕ್ರೋಸಾಫ್ಟ್ 2021ರಲ್ಲಿ ಪ್ರಕಟಿಸಿತು. 105 ಅಂಗುಲದ ಅತಿ ಅಗಲದ ಪರದೆಗಳು ಸಭಾಕೊಠಡಿ ಪ್ರವೇಶಿಸಿರುವುದು ಈ ಹಿನ್ನೆಲೆಯಲ್ಲಿ.

ಆದರೆ ಅಂಗುಲದ ಲೆಕ್ಕವನ್ನಷ್ಟೇ ನಂಬಿದರೆ ಮೋಸಹೋಗುವ ಸಂಭವವಿದೆ. ಅದು ಮೂಲೆಯಿಂದ ಮೂಲೆಗಿನ ಅಳತೆ. 21:9 ಅನುಪಾತದ 105 ಅಂಗುಲದ ಪರದೆಯ ಎತ್ತರ ಸುಮಾರು 41 ಅಂಗುಲ; 16:9 ಅನುಪಾತದ 86 ಅಂಗುಲದ ಸಾಮಾನ್ಯ ಪರದೆಯದು 42! ಲ್ಯಾಪ್‌ಟಾಪ್‌ನ 16:9 ಚಿತ್ರವೊಂದನ್ನೇ ತೋರಿಸಿದರೆ ದುಬಾರಿ ಪರದೆಯ ಕಾಲುಭಾಗ ಖಾಲಿ ಉಳಿಯುತ್ತದೆ. ಕೊನೆಯ ಕುರ್ಚಿಯವರಿಗೆ ಅಕ್ಷರ ಕಿಂಚಿತ್ತೂ ದೊಡ್ಡದಾಗುವುದಿಲ್ಲ.

ಮುಖಗಳೂ ಲೆಕ್ಕಪತ್ರವೂ ಒಟ್ಟಿಗೆ ಕಾಣಬೇಕಾದಲ್ಲಿ ಮಾತ್ರ ಈ ಅಗಲ ಸಾರ್ಥಕ. ಕೊಳ್ಳುವ ಮುನ್ನ ಸಂಸ್ಥೆಯದೇ ಲೆಕ್ಕಪತ್ರವನ್ನು ತೆರೆದು ಕೊನೆಯ ಕುರ್ಚಿಯಿಂದ ಓದಿ ನೋಡುವುದು ಲೇಸು. ಎಂಟು ಅಡಿ ಅಗಲದ ಗಾಜು ಲಿಫ್ಟಿನಲ್ಲಿ ಹಿಡಿಸುವುದೇ ಎಂಬುದನ್ನೂ ಅಳೆಯಬೇಕು.

ಏಕೆಂದರೆ ಅಂಕಿ ಸರಿಯಾಗಿ ಕಾಣದೆ ತಲೆಯಾಡಿಸಿದ ನಿರ್ದೇಶಕರೂ ನಿರ್ಣಯಕ್ಕೆ ಹೊಣೆಗಾರರೇ.